ಕಾಳವ್ವನ ಮೇಳದಿಂದ ಅಕಾಡೆಮಿಯ ಕುರ್ಚಿಯವರೆಗೆ

ಸಂಸ್ಥೆಯೊಂದರ ಚರಿತ್ರೆ ಬರೆಯಲು ಕೂತವರು ಮೊದಲು ನೋಂದಣಿ ಪತ್ರ, ಶಂಕುಸ್ಥಾಪನೆಯ ಕಲ್ಲು, ಅಧ್ಯಕ್ಷರ ಪಟ್ಟಿ ಹುಡುಕುತ್ತಾರೆ. ದೇವಿಗೆ ಒಪ್ಪಿಸಿದ ಜೋಗತಿಯರ ಮೇಳದಲ್ಲಿ ಇವೊಂದೂ ಸಿಗವು. ಹಿರಿಯ ಜೋಗತಿಯ ಮನೆಯೇ ಕಚೇರಿ. ಒಂದು ಚೌಡಿಕೆ, ಎಲ್ಲಮ್ಮನ ಕೊಡ, ಗಂಟಲಲ್ಲಿ ಉಳಿದ ಹಾಡು, ಇಷ್ಟೇ ಆಸ್ತಿ. ಹೊಸಪೇಟೆ ಸೀಮೆಯ ಮರಿಯಮ್ಮನಹಳ್ಳಿಯಲ್ಲಿ ಕಾಳವ್ವ ಜೋಗತಿ ನಡೆಸಿದ್ದು ಇಂಥದ್ದೇ ಮೇಳ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಸಾದಲಿಯ ಈ ಸ್ಮರಣ ಸಂಚಿಕೆಗೂ ಆ ಮೇಳಕ್ಕೂ ಏನು ನಂಟು ಎಂದು ಕೇಳುವವರು ಸ್ವಲ್ಪ ತಾಳಬೇಕು.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿ ಎಂಬ ಹೆಸರಲ್ಲಿ ಹುಟ್ಟಿದ ಮಗು ಹೆಣ್ಣಿನ ನಡೆನುಡಿಯಲ್ಲೇ ಬೆಳೆಯಿತು. 1975ರಲ್ಲಿ ಹೆತ್ತವರು ಹುಲಿಗಿಯ ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದರು. ಅಲ್ಲಿ ಉಡಿದಾರ ಕಡಿದು, ಸೀರೆ ಉಡಿಸಿ, ಬಳೆ ತೊಡಿಸಿ ಜೋಗತಿಯನ್ನಾಗಿ ಮಾಡಿದರು; ಮಂಜುನಾಥ ಮಂಜಮ್ಮ ಜೋಗತಿಯಾದದ್ದು ಹೀಗೆ. ದೇವರಿಗೆ ಒಪ್ಪಿಸಿದ ಮಗುವಿಗೆ ಮನೆಯಲ್ಲಿ ಜಾಗ ಉಳಿಯಲಿಲ್ಲ. ಭಿಕ್ಷೆ, ಹಸಿವು, ಹಲ್ಲೆ, ಸಾಯುವ ಯತ್ನ ಎಲ್ಲವನ್ನೂ ಮಂಜಮ್ಮ ತಾವೇ ಹಲವು ಕಡೆ ಹೇಳಿಕೊಂಡಿದ್ದಾರೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಒಬ್ಬ ಅಪ್ಪ ಹಾಡುತ್ತಿದ್ದ, ಅವನ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದನ್ನು ಕಂಡಲ್ಲಿಂದ ಅವರ ದಾರಿ ತಿರುಗಿತು. ಆ ದಾರಿ ಮುಟ್ಟಿದ್ದು ಕಾಳವ್ವನ ಮನೆಯನ್ನು.

ಆ ಕುಣಿತವನ್ನು ಹತ್ತಿರದಿಂದ ನೋಡಬೇಕು. ನೆತ್ತಿಯ ಮೇಲೆ ಸಿಂಬಿ, ಸಿಂಬಿಯ ಮೇಲೆ ದೇವಿಯ ಕೊಡ. ಕೊಡಕ್ಕೆ ಕೈ ತಾಗಿಸುವಂತಿಲ್ಲ. ಚೌಡಿಕೆಯ ಒಂದೇ ತಂತಿಯನ್ನು ಬಿಗಿಮಾಡುತ್ತ ಸಡಿಲಿಸುತ್ತ ಮೀಟುವ ನಾದಕ್ಕೆ ಸೊಂಟ ತಿರುಗುತ್ತದೆ, ಮಂಡಿ ಬಾಗುತ್ತದೆ, ಕುತ್ತಿಗೆ ಮಾತ್ರ ಅಲುಗುವುದಿಲ್ಲ. ಕಾಳವ್ವ ಇದನ್ನು ಕಲಿಸಿದರು, ರೇಣುಕೆಯ ಕಥೆಯ ಆಟದಲ್ಲಿ ಪಾತ್ರ ಕೊಟ್ಟರು. ಊರೂರಿಗೆ ಕರೆದೊಯ್ದರು, ಅನ್ನ ಹಾಕಿದರು. ಮನೆ ಬಿಟ್ಟವರಿಗೆ ಮನೆಯೂ ಶಾಲೆಯೂ ಸಂಬಳವೂ ಅದೇ ಮೇಳ. ಸರ್ಕಾರ ಇವರ ಪರ ಒಂದು ಸಾಲು ಬರೆಯುವ ಎಷ್ಟೋ ಮೊದಲು ಈ ಹಿರಿಯರು ಆ ಕೆಲಸ ಮಾಡಿ ಮುಗಿಸಿದ್ದರು. ಕಾಳವ್ವ ತೀರಿಕೊಂಡ ಮೇಲೆ ಮೇಳದ ಭಾರ ಮಂಜಮ್ಮನ ಹೆಗಲಿಗೆ ಬಂತು. ಗುಡಿಯಂಗಳದ ಕುಣಿತವನ್ನು ಅವರು ವೇದಿಕೆಗೆ ತಂದರು.

ಗೌರವಗಳು ನಿಧಾನವಾಗಿ ಬಂದವು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವ ಮುನ್ನ ಅವರು ಸೆರಗು ಹಿಡಿದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಆ ದೃಶ್ಯವನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು ಅಕಾಡೆಮಿಯ ಕುರ್ಚಿ. ಶಾಲು, ಹಾರ ಯಾರಿಗಾದರೂ ಹಾಕಿ ಕಳಿಸಬಹುದು. ಪ್ರಶಸ್ತಿ ಯಾರಿಗೆ ಸಲ್ಲಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಜೋಗತಿಯೊಬ್ಬರನ್ನು ತಲೆಯಾಳಾಗಿ ಕೂರಿಸುವುದು ಬೇರೆಯೇ ಮಾತು.

ಇದೇ ಹೊತ್ತಿಗೆ ರಾಜ್ಯದ ಕಾಗದಪತ್ರಗಳೂ ಬದಲಾಗುತ್ತಿದ್ದವು. 2014ರಲ್ಲಿ ಮೂರನೇ ಲಿಂಗವನ್ನು ಒಪ್ಪಿದ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂತು, 2018ರಲ್ಲಿ ಅದೇ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ಹುದ್ದೆಗಳಲ್ಲಿ ಈ ಸಮುದಾಯಕ್ಕೆ ಶೇ. 1ರ ಮೀಸಲಾತಿ ಕೊಟ್ಟಿತು. ಮೀಸಲಾತಿ ಎಳೆಯರಿಗೆ ದಕ್ಕೀತು. ಅರ್ಜಿ ಹಾಕುವ ವಯಸ್ಸು ಮೀರಿದವರಿಗೆ ಮಾಸಾಶನವೊಂದೇ ಆಸರೆ. ಇದೇ ಸಮುದಾಯಕ್ಕಾಗಿ ದುಡಿಯುವ ಬೆಂಗಳೂರಿನ ‘ಪಯಣ’ ಸಂಸ್ಥೆಯ ಹಿರಿಯ ಮಂಗಳಮುಖಿಯರು ‘ತಲ್ಕಿ’ ನಾಟಕದಲ್ಲಿ ರಂಗದ ಮೇಲೆ ಅಡುಗೆ ಮಾಡುತ್ತಲೇ ತಮ್ಮ ಬದುಕು ಬಿಚ್ಚಿಟ್ಟರು. ವಯಸ್ಸಾದ ಮೇಲೆ ಬಣ್ಣ ಹಚ್ಚಿದವರ ಆ ಧೈರ್ಯಕ್ಕೆ ಯಾವ ಪದಕವೂ ಸಾಲದು.

ಈಗ ಸಾದಲಿಯ ನಂಟು. ನಮ್ಮದೇ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಬೀಗಿದೆವು. ತಮಟೆಯನ್ನು ಊರ ಹೊರಗಿನವರ ವಾದ್ಯವೆಂದು ದೂರ ಇಟ್ಟವರೂ ನಾವೇ. ಮಂಗಳಮುಖಿಯರ ವಿಷಯದಲ್ಲಿ ಆ ದೂರ ಇನ್ನೂ ಹಾಗೇ ಇದೆ. ಹೊಸ ಅಂಗಡಿಯ ಪೂಜೆಗೆ ಅವರ ಹರಕೆ ಬೇಕು; ಹರಸಿದವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಕೇಳುವವರಿಲ್ಲ.

ನವೆಂಬರ್ ಬಂದರೆ ಪಂಚಾಯಿತಿಯಲ್ಲಿ, ಶಾಲೆಯಲ್ಲಿ, ಕನ್ನಡ ಸಂಘಗಳಲ್ಲಿ ಸನ್ಮಾನಿತರ ಪಟ್ಟಿ ಬರೆಯಲು ಕೂರುತ್ತೇವೆ. ಈ ಬಾರಿ ಆ ಪಟ್ಟಿಯಲ್ಲಿ ಈ ಸಮುದಾಯದ ಹಿರಿಯರೊಬ್ಬರ ಹೆಸರಿರಲಿ. ಜೊತೆಗೆ, ಪಟ್ಟಿ ಬರೆಯುವ ಮೇಜಿನ ಬಳಿ ಅವರಿಗೂ ಒಂದು ಕುರ್ಚಿ ಹಾಕಿ.