ಸಂಗೀತನಾಟಕ ಮಂಡಳಿಗಳೂ ಲೋಕಸಂಗ್ರಹವೂ

ಕೋಲಾರದ ಸೀಮೆಯಲ್ಲಿ ಪಾಲಾರ್ ನದಿಯ ದಡದಲ್ಲಿರುವ ಬೇತಮಂಗಲವು ಪ್ರಾಚೀನ ಸ್ಥಳ. ಶಾಸನಗಳಲ್ಲಿ ಕಾಣುವ ಇದರ ಹಳೆಯ ಹೆಸರು ವಿಜಯಾದಿತ್ಯಮಂಗಲ. ಇಲ್ಲಿಯ ದೊಡ್ಡ ಕೆರೆ ನೊಳಂಬರ ಕಾಲದಲ್ಲೊಮ್ಮೆ, ಹೊಯ್ಸಳರ ಕಾಲದಲ್ಲೊಮ್ಮೆ ಜೀರ್ಣೋದ್ಧಾರವಾದುದನ್ನು ಆ ಶಾಸನಗಳಿಂದ ತಿಳಿಯುತ್ತೇವೆ. ಕೆರೆಯನ್ನು ಕಟ್ಟಿಸಿದವನ ಹೆಸರಿನಷ್ಟೇ ಗೌರವದಿಂದ, ಒಡೆದ ಏರಿಯನ್ನು ಮತ್ತೆ ಕಟ್ಟಿಸಿದವನ ಹೆಸರನ್ನೂ ಕಲ್ಲಿನಲ್ಲಿ ಬರೆಯಿಸಿದ್ದು ನಮ್ಮ ಹಿಂದಿನವರ ವಿವೇಕ. ಈ ಊರಿನ ನೀರು ಮುಂದೆ ಹಲಕಾಲ ಕೋಲಾರದ ಚಿನ್ನದ ಗಣಿಯವರ ದಾಹವನ್ನೂ ತಣಿಸಿತು. ಲೋಕೋಪಕಾರವಾದ ಕೆಲಸಕ್ಕೆ ಸ್ಮಾರಕವಿರಬೇಕೆಂಬ ಬುದ್ಧಿ ನಮ್ಮಲ್ಲಿ ಹೊಸದಲ್ಲವೆಂದು ತೋರಿಸುವುದಕ್ಕಾಗಿ ಇಷ್ಟನ್ನು ಹೇಳಿದೆನು.

ಕೆರೆಗೆ ದೊರೆತ ಈ ಗೌರವವು ಮತ್ತೊಂದು ಬಗೆಯ ಲೋಕೋಪಕಾರಕ್ಕೆ ದೊರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸುಮಾರು ಮುಕ್ಕಾಲು ಶತಮಾನ ಕನ್ನಡ ನಾಡಿನ ಊರೂರಿಗೂ ಸಂಗೀತವನ್ನೂ ಪುರಾಣಕಥೆಯನ್ನೂ ಹೊತ್ತು ತಿರುಗಿದ ನಾಟಕ ಮಂಡಳಿಗಳ ವಿಷಯವನ್ನೇ ನಾನು ಹೇಳುತ್ತಿರುವುದು. ನಮ್ಮ ಸಾಹಿತ್ಯಚರಿತ್ರೆಗಳು ಅಚ್ಚಾದ ನಾಟಕಗಳ ಗುಣದೋಷಗಳನ್ನು ವಿಮರ್ಶಿಸುತ್ತವೆ. ಆ ನಾಟಕಗಳನ್ನು ಆಡಿದವರಿಗೂ ನೋಡಿದವರಿಗೂ ಇದ್ದ ಬಾಂಧವ್ಯವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಈ ಬಾಂಧವ್ಯವು ನಾಟಕಚರಿತ್ರೆಗೆ ಹೊರಗಿನದಲ್ಲ, ಅದರ ಒಳಗಿನ ಅಂಗವೇ ಎಂಬುದು ಪ್ರಕೃತ ಲೇಖನದ ಪ್ರತಿಜ್ಞೆ.

ಶಾಸ್ತ್ರದೃಷ್ಟಿಯಿಂದಲೂ ಇದು ಹೊಸ ಮಾತಲ್ಲ. ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ನಾಟ್ಯವು ಸರ್ವವರ್ಣಗಳಿಗೂ ಸಲ್ಲುವ ಐದನೆಯ ವೇದವಾಗಿ ಹುಟ್ಟಿತು. ಅದರ ಮೊದಲ ಪ್ರಯೋಗ ನಡೆದದ್ದು ಅರಮನೆಯ ಏಕಾಂತದಲ್ಲಲ್ಲ, ಇಂದ್ರಧ್ವಜದ ಮಹೋತ್ಸವದಲ್ಲಿ. ದೈತ್ಯರ ಸೋಲನ್ನು ಆಡಿ ತೋರಿಸಿದಾಗ ಅವರು ಕೋಪಗೊಂಡು ವಿಘ್ನವನ್ನುಂಟುಮಾಡಿದರು. ಆಗ ಬ್ರಹ್ಮನು ಅವರನ್ನು ಹೊರಗಟ್ಟಿ ಸುಮ್ಮನಾಗಲಿಲ್ಲ; ನಾಟ್ಯವು ದೇವತೆಗಳೊಬ್ಬರದೇ ಅಲ್ಲ, ಮೂರು ಲೋಕದ ಭಾವಗಳ ಅನುಕೀರ್ತನವೆಂದು ಹೇಳಿ ಅವರನ್ನು ಸಮಾಧಾನಪಡಿಸಿದನು. ಪ್ರೇಕ್ಷಕರಲ್ಲಿ ಭೇದವೆಣಿಸಲಾಗದೆಂಬುದು ಈ ಕಥೆಯ ತಾತ್ಪರ್ಯ. ಶಾಸ್ತ್ರದಲ್ಲಿ ಪ್ರತಿಜ್ಞೆಯಾಗಿ ಉಳಿದಿದ್ದ ಈ ಸಾರ್ವವರ್ಣಿಕತ್ವವನ್ನು ವ್ಯವಹಾರಕ್ಕೆ ತಂದವು ಯಾವುವೆಂದು ನೋಡಿದರೆ, ನಮ್ಮ ಕಾಲಕ್ಕೆ ಸಮೀಪದಲ್ಲಿ ಕಾಣುವುವು ಈ ಮಂಡಳಿಗಳೇ.

ಇವುಗಳ ಉತ್ಪತ್ತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಉತ್ತರ ಕನ್ನಡದ ಕರ್ಕಿಯ ಭಾಗವತರ ಆಟವನ್ನು ಕಂಡು ಸಾಂಗ್ಲಿಯ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ಮರಾಠಿಯಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. ಹೀಗೆ ನಮ್ಮ ಬಯಲಾಟದಿಂದ ಪ್ರೇರಣೆ ಪಡೆದ ಮರಾಠಿ ರಂಗಭೂಮಿಯು ಪ್ರಬಲವಾಗಿ, ಮರಳಿ ಕನ್ನಡ ನಾಡನ್ನು ಹೊಕ್ಕಿತು. ಅದಕ್ಕೆ ಪ್ರತ್ಯುತ್ತರವೆಂಬಂತೆ ಶಾಂತಕವಿಗಳು ೧೮೭೦ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು; ಬಸವಪ್ಪ ಶಾಸ್ತ್ರಿಗಳ ಶಾಕುಂತಲವು ಅಲ್ಲಿಯ ರಂಗದ ಮೇಲೆ ಬಂದಿತು. ೧೮೮೪ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಚಂದಣ್ಣ ಮೊದಲಾದ ಊರವರು ಸೇರಿ ಚನ್ನಬಸವೇಶ್ವರ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಅರಸರ ಧನವಿಲ್ಲದೆ, ಜನರು ಕೊಟ್ಟ ಟಿಕೆಟ್ಟಿನ ಹಣದಿಂದಲೇ ಬಾಳಬೇಕಾದ ಸಂಸ್ಥೆ ಇದು. ಯೂರೋಪಿನ ಆಪೆರಾ ಎಂಬ ಗೇಯನಾಟಕವೂ ಮೊದಲು ಪ್ರಭುಗಳ ಅರಮನೆಗಳಲ್ಲಿ ಹುಟ್ಟಿ, ೧೬೩೭ರಲ್ಲಿ ವೆನಿಸ್ ನಗರದಲ್ಲಿ ಹಣ ಕೊಟ್ಟ ಎಲ್ಲರಿಗೂ ಬಾಗಿಲು ತೆರೆದ ಮೇಲೆಯೇ ದೇಶವ್ಯಾಪಿಯಾಯಿತೆಂಬುದು ಇಲ್ಲಿ ಸ್ಮರಣೀಯ. ಅರಮನೆಯಿಂದ ಬೀದಿಗೆ ಬಂದುದು ಕಲೆಗೆ ಇಳಿತವಲ್ಲ, ಪ್ರಸಾರ.

ಮಂಡಳಿಯು ಒಂದು ಊರಿನಲ್ಲಿ ಮೊಕ್ಕಾಂ ಮಾಡುತ್ತಿದ್ದ ಕ್ರಮವನ್ನು ಇಂದಿನವರು ತಿಳಿಯಬೇಕು. ಪರದೆಗಳು, ಪೋಷಾಕಿನ ಪೆಟ್ಟಿಗೆಗಳು, ಹಾರ್ಮೋನಿಯಂ, ಅಡಿಗೆಯ ಪಾತ್ರೆಗಳು ಇವೆಲ್ಲ ರೈಲಿನಲ್ಲಿಯೋ ಗಾಡಿಗಳಲ್ಲಿಯೋ ಬಂದಿಳಿಯುವುವು. ಊರ ಹೊರಗಿನ ಬಯಲಿನಲ್ಲಿ ತಗಡಿನ ನಾಟಕಶಾಲೆ ಏಳುವುದು. ನೆಲದ ಮೇಲೆ ಕುಳಿತುಕೊಳ್ಳುವವರಿಗೊಂದು ದರ, ಬೆಂಚಿನವರಿಗೊಂದು, ಕುರ್ಚಿಯವರಿಗೊಂದು. ಹೆಂಗಸರಿಗೆ ಬೇರೆ ಸ್ಥಳ. ಕೂಲಿಯವನೂ ಅಮಲ್ದಾರನೂ ಒಂದೇ ಚಪ್ಪರದ ಕೆಳಗೆ, ಒಂದೇ ಹಾಡನ್ನು, ಒಂದೇ ಹೊತ್ತಿನಲ್ಲಿ ಕೇಳುತ್ತಿದ್ದ ಸ್ಥಳಗಳು ಆ ಕಾಲದಲ್ಲಿ ಮತ್ತೆಷ್ಟು ಇದ್ದುವು? ಆಸನಗಳಲ್ಲಿ ತಾರತಮ್ಯವಿದ್ದಿತು, ನಿಜ. ಆದರೆ ಪ್ರವೇಶಕ್ಕೆ ಕುಲಗೋತ್ರಗಳ ವಿಚಾರಣೆ ಇರಲಿಲ್ಲ.

ಮೊಕ್ಕಾಮಿನ ನಡುವೆ ಸಹಾಯಾರ್ಥ ಪ್ರಯೋಗಗಳು ನಡೆಯುತ್ತಿದ್ದುವು. ಶಾಲೆಗೊಂದು ಕಟ್ಟಡ, ದೇವಾಲಯದ ಜೀರ್ಣೋದ್ಧಾರ, ವಿದ್ಯಾರ್ಥಿಗಳ ನಿಲಯ, ಕ್ಷಾಮನಿಧಿ ಇಂಥ ಕಾರ್ಯಗಳಿಗೆ ಊರ ಪ್ರಮುಖರು ಒಂದು ರಾತ್ರಿಯ ಆಟವನ್ನು ಬೇಡುವರು. ಮಂಡಳಿಯವರು ತಮ್ಮ ವೆಚ್ಚವನ್ನು ಮಾತ್ರ ತೆಗೆದುಕೊಂಡೋ, ಅದನ್ನೂ ಬಿಟ್ಟೋ, ಉಳಿದ ಉತ್ಪತ್ತಿಯನ್ನು ಒಪ್ಪಿಸುವರು. ಈ ವಿಷಯದಲ್ಲಿ ನಾಟಕಶಿರೋಮಣಿ ಎ. ವಿ. ವರದಾಚಾರ್ಯರ ಹೆಸರನ್ನು ಮೊದಲು ಹೇಳಬೇಕು. ರತ್ನಾವಳಿ ನಾಟಕ ಮಂಡಳಿಯ ಒಡೆಯರಾಗಿದ್ದ ಅವರು ಹಿರಣ್ಯಕಶಿಪುವಿನ ಪಾತ್ರಕ್ಕೆ ಎಷ್ಟು ಪ್ರಸಿದ್ಧರೋ ಕೈಬಿಚ್ಚಿ ಕೊಡುವುದಕ್ಕೂ ಅಷ್ಟೇ ಪ್ರಸಿದ್ಧರು. ಸಂಪಾದಿಸಿದ್ದನ್ನು ಉಳಿಸಿಕೊಳ್ಳದೆ ೧೯೨೬ರಲ್ಲಿ ತೀರಿಕೊಂಡರು. ಬೇತಮಂಗಲಕ್ಕೆ ನೆರೆಯದಾದ ಮುಳಬಾಗಿಲಿನವರಾದ ಡಿ. ವಿ. ಗುಂಡಪ್ಪನವರು ತಮ್ಮ ಜ್ಞಾಪಕ ಚಿತ್ರಶಾಲೆಯ ಕಲೋಪಾಸಕರ ಸಾಲಿನಲ್ಲಿ ಅವರಿಗೆ ಸ್ಥಾನವನ್ನು ಕಲ್ಪಿಸಿದರು. ಮಂಡಳಿಯವರಿಗೆ ದೊರೆತ ಶಿಲಾಶಾಸನವೆಂದರೆ ಇಂಥ ಕೆಲವು ಪುಟಗಳು ಮಾತ್ರ.

ನಟರ ವಿಷಯಕ್ಕೆ ಬರೋಣ. ಗುಬ್ಬಿಯ ಮಂಡಳಿಯ ಒಡೆತನವು ೧೯೧೭ರಲ್ಲಿ, ಬಾಲ್ಯದಿಂದ ಅಲ್ಲಿಯೇ ಬೆಳೆದ ವೀರಣ್ಣನವರಿಗೆ ಬಂದಿತು. ಗಂಡಸರೇ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ರಂಗಕ್ಕೆ ಸ್ತ್ರೀಯರನ್ನು ಗೌರವದಿಂದ ಕರೆತಂದವರಲ್ಲಿ ಅವರು ಮುಖ್ಯರು, ಬಿ. ಜಯಮ್ಮನವರ, ಮಳವಳ್ಳಿ ಸುಂದರಮ್ಮನವರ ಕೀರ್ತಿ ಅಲ್ಲಿಯೇ ಬೆಳೆಯಿತು. ಚಂದ್ರಕಲಾ ನಾಟಕ ಮಂಡಳಿಯ ಮಹಮದ್ ಪೀರ್ ಅವರು ಗೌತಮ ಬುದ್ಧನ ಪಾತ್ರವನ್ನು ವಹಿಸಿದಾಗ ಅವರ ಮತವನ್ನು ಯಾರೂ ಕೇಳಲಿಲ್ಲ. ಗುಬ್ಬಿಯ ಮಂಡಳಿಯು ಬಡ ಬಾಲಕರಿಗೆ ಅನ್ನವನ್ನೂ ಪಾಠವನ್ನೂ ಸಂಗೀತವನ್ನೂ ಕೊಡುವ ಒಂದು ಗುರುಕುಲವೂ ಆಗಿದ್ದಿತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅವರ ಮಗ ರಾಜಕುಮಾರರೂ ಅಲ್ಲಿಯ ಅನ್ನವನ್ನುಂಡವರು. ಮನೆಬಿಟ್ಟು ಬಂದ ಹುಡುಗ ಬಿ. ವಿ. ಕಾರಂತರನ್ನು ವೀರಣ್ಣನವರು ಮುಂದೆ ಕಾಶಿಗೆ ಕಳುಹಿಸಿ ಓದಿಸಿದರು. ಆ ಹುಡುಗನೇ ಮುಂದೆ ಭಾರತದ ರಂಗಭೂಮಿಯ ಆಚಾರ್ಯರಲ್ಲೊಬ್ಬನಾದುದನ್ನು ನೆನೆದರೆ, ನಾಟಕದ ಟಿಕೆಟ್ಟಿನ ಹಣವು ಎಂಥ ವಿದ್ಯಾದಾನಕ್ಕೆ ಸಂದಿತೆಂಬುದು ವೇದ್ಯವಾಗುತ್ತದೆ.

ಇನ್ನು ಭಾಷೆಯ ವಿಚಾರ. ಬೇತಮಂಗಲದ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ನುಡಿಗಳು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಯ ಕೆಲಸಕ್ಕೆ ಕೈಹಾಕಿದ ಮೇಲೆ ತಮಿಳು ನಾಡಿನಿಂದ ಸಹಸ್ರಾರು ಕೆಲಸಗಾರರು ಬಂದು ನೆಲೆಸಿದರು. ೨೦೦೧ರಲ್ಲಿ ಗಣಿಗಳು ಮುಚ್ಚಿದರೂ ಅವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯವರೇ ಆಗಿದ್ದಾರೆ. ಇಂಥ ಗಡಿನಾಡಿನಲ್ಲಿ ಗದ್ಯನಾಟಕವು ಅರ್ಧ ಸಭೆಯನ್ನು ಮುಟ್ಟಿದರೆ ಸಂಗೀತನಾಟಕವು ಇಡೀ ಸಭೆಯನ್ನು ಮುಟ್ಟುವುದು. ರಾಗಕ್ಕೆ ಗಡಿಯಿಲ್ಲ, ರಾಮ ಕೃಷ್ಣರ ಕಥೆಗೆ ಅನುವಾದ ಬೇಡ. ಗುಬ್ಬಿಯ ಮಂಡಳಿಯು ಕನ್ನಡದ ಎಲ್ಲೆಯನ್ನು ದಾಟಿ ಆಂಧ್ರ ತಮಿಳು ನಾಡುಗಳಲ್ಲಿಯೂ ಸಂಚರಿಸಿತು. ವೀರಣ್ಣನವರಿಗೆ ಸಂದ ಕರ್ಣಾಟಕಾಂಧ್ರ ನಾಟಕ ಸಾರ್ವಭೌಮನೆಂಬ ಬಿರುದು ಇದಕ್ಕೆ ಸಾಕ್ಷಿ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಮಂಡಳಿಗಳ ನಾಟಕದಲ್ಲಿ ಔಚಿತ್ಯವಿರಲಿಲ್ಲ, ಸಾಯುವ ಪಾತ್ರವೂ ರಾಗಾಲಾಪನೆ ಮಾಡುತ್ತಿತ್ತು, ‘ಒನ್ಸ್ ಮೋರ್’ ಎಂದು ಸಭಿಕರು ಕೂಗಿದರೆ ಸತ್ತವನು ಎದ್ದು ಮತ್ತೊಮ್ಮೆ ಹಾಡುತ್ತಿದ್ದನು ಎಂದು ಆಕ್ಷೇಪಿಸುವರು. ಈ ಆಕ್ಷೇಪ ನಿರಾಧಾರವಲ್ಲ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿಬಂದ ಟಿ. ಪಿ. ಕೈಲಾಸಂ ಅವರು ಮನೆಮಾತಿನ ಗದ್ಯದಲ್ಲಿ ನಾಟಕಗಳನ್ನು ರಚಿಸಿ ಈ ಅತಿರೇಕಕ್ಕೆ ಮದ್ದನ್ನು ಕೊಟ್ಟುದು ಉಪಕಾರವೇ ಸರಿ. ಆದರೆ ದೋಷವನ್ನು ಕಂಡ ಕಣ್ಣು ಗುಣಕ್ಕೆ ಮುಚ್ಚಬಾರದು. ಭರತನೇ ಗೀತವನ್ನು ನಾಟ್ಯಕ್ಕೆ ಆಶ್ರಯವೆಂದು ಭಾವಿಸಿದವನು. ಅಲ್ಲದೆ ಪಾಠಶಾಲೆಯಲ್ಲಿ ದಶರೂಪಕವನ್ನು ಓದಿದ ನಮ್ಮಂಥವರು ಈ ನಾಟಕಗಳನ್ನು ಕಾವ್ಯವೆಂದೆಣಿಸದೆ ಇದ್ದ ಕಾಲದಲ್ಲಿ, ನಮ್ಮವರೇ ಆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಗುಬ್ಬಿಯ ಮಂಡಳಿಗೆ ಸದಾರಮೆಯನ್ನೂ ಕೃಷ್ಣಲೀಲೆಯನ್ನೂ ಬರೆದುಕೊಟ್ಟರು. ೧೯೩೪ರಲ್ಲಿ ತೆರೆಕಂಡ ಸತಿ ಸುಲೋಚನಾ ಎಂಬ ಮೊದಲ ಕನ್ನಡ ವಾಕ್ಚಿತ್ರಕ್ಕೂ ಮಾತುಗಳನ್ನು ರಚಿಸಿದರು. ಪಂಡಿತರಾದ ನಾವು ಜರಿದದ್ದು ಪಂಡಿತರೊಬ್ಬರ ಕೃತಿಯನ್ನೇ.

ಮಂಡಳಿಗಳು ಬಹುಮಟ್ಟಿಗೆ ಅಸ್ತಂಗತವಾದುವು. ಮೊದಲು ಚಲಚ್ಚಿತ್ರವೂ ಆಮೇಲೆ ದೂರದರ್ಶನವೂ ಅವುಗಳ ಸಭೆಯನ್ನು ಸೆಳೆದುಕೊಂಡುವು. ಆದರೆ ಫಲವು ನಾಶವಾಗಲಿಲ್ಲ. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ಜಾತ್ರೆಯ ಕಾಲಕ್ಕೆ ಒಕ್ಕಲಿಗರೂ ಕೂಲಿಯವರೂ ಉಪಾಧ್ಯಾಯರೂ ತಾವೇ ಹಣ ಕೂಡಿಸಿ, ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಸೀನರಿಯನ್ನು ಬಾಡಿಗೆಗೆ ತಂದು ಕುರುಕ್ಷೇತ್ರವನ್ನು ಬೆಳಗಿನವರೆಗೆ ಆಡುತ್ತಾರೆ. ವೀರಣ್ಣನವರು ೧೯೩೪ರಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ವೈಭವದಿಂದ ಆಡಿಸಿದ ಕುರುಕ್ಷೇತ್ರದ ಪ್ರತಿಧ್ವನಿ ಇದು. ಮಂಡಳಿಯು ಊರಿಗೆ ಬಂದು ಆಡಿದ್ದುದು ಹೋಗಿ, ಊರೇ ಮಂಡಳಿಯಾಗಿದೆ. ಲೋಕಸಂಗ್ರಹಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕೆ?

ಆದುದರಿಂದ ನಾಟಕಚರಿತ್ರೆಯನ್ನು ಬರೆಯುವವರಿಗೂ ಪಾಠ ಹೇಳುವವರಿಗೂ ನನ್ನ ವಿಜ್ಞಾಪನೆಯೊಂದುಂಟು. ಈ ಚರಿತ್ರೆಯ ಆಕರಗಳು ಕಲ್ಲಿನಲ್ಲಿಲ್ಲ. ತೆಳುವಾದ ಬಣ್ಣದ ಕಾಗದದ ಕರಪತ್ರಗಳಲ್ಲಿ, ಕಾಸಿಗೊಂದರಂತೆ ಮಾರಿದ ಹಾಡಿನ ಪುಸ್ತಕಗಳಲ್ಲಿ, ಶಾಲೆಗಳ ಹಳೆಯ ಲೆಕ್ಕದ ಬುಕ್ಕುಗಳಲ್ಲಿ, ಮುದಿ ಹಾರ್ಮೋನಿಯಂ ಮೇಷ್ಟರ ನೆನಪಿನಲ್ಲಿ ಇವೆ. ಗೆದ್ದಲೂ ಕಾಲವೂ ಇವುಗಳನ್ನು ತಿನ್ನುತ್ತಿವೆ. ಪ್ರತಿಯೊಬ್ಬ ಉಪಾಧ್ಯಾಯನೂ ತನ್ನ ಊರಿನಲ್ಲಿ ಮೊಕ್ಕಾಂ ಮಾಡಿದ ಮಂಡಳಿ ಯಾವುದು, ಆಡಿದ ನಾಟಕ ಯಾವುದು, ಆ ಹಣದಿಂದ ನಿಂತ ಗೋಡೆ ಯಾವುದು ಎಂಬ ಮೂರು ಸಂಗತಿಗಳನ್ನು ಕೇಳಿ ಬರೆದಿಟ್ಟರೂ ಸಾಕು. ಒಡೆದ ಕೆರೆಯ ಏರಿಯನ್ನು ಕಟ್ಟಿದವನನ್ನು ವಿಜಯಾದಿತ್ಯಮಂಗಲದವರು ಮರೆಯಲಿಲ್ಲ. ಇರುಳೆಲ್ಲ ಹಾಡಿ ಊರಿಗೊಂದು ಶಾಲೆಯನ್ನು ಕೊಟ್ಟು ಹೋದವರನ್ನು ನಾವು ಮರೆತರೆ ಅದು ಅಕ್ಷರ ಬಲ್ಲವರಿಗೆ ತಕ್ಕುದಾಗದು.