ರಾಯಚೂರಿನ ಹುಡುಗರಿಗೆ ಈಸು ಬರ್ತದ. ನೀರಲ್ಲಿ ಉಸಿರಾಡೋದು ಕಲಿಸೋರು ಯಾರು?

ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ. ನೀರು ಬಿಟ್ಟ ದಿನಗಳಲ್ಲಿ ಸೇತುವೆ ಮೇಲಿಂದ ಹುಡುಗರು ಜಿಗಿಯುವುದನ್ನು ನೀವೂ ನೋಡಿರುತ್ತೀರಿ. ‘ಈಸಾಕ ಬರ್ತದೇನು ತಮ್ಮಾ?’ ಅಂತ ಕೇಳಿದರೆ ‘ಬರ್ತದ್ರೀ ಅಣ್ಣಾ’ ಅನ್ನುತ್ತಾರೆ. ಸುಳ್ಳಲ್ಲ, ಬರುತ್ತದೆ. ಆದರೆ ಸ್ವಲ್ಪ ಹೊತ್ತು ನಿಂತು ಗಮನಿಸಿ. ಕತ್ತು ಸೆಟೆದಿರುತ್ತದೆ, ತಲೆ ಪೂರ್ತಿ ನೀರಿನ ಮೇಲೆ, ಕೈಕಾಲು ಜೋರಾಗಿ ಬಡಿಯುತ್ತಿರುತ್ತವೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಏದುಸಿರು. ಅವರಿಗೆ ಬಾರದಿರುವುದು ಉಸಿರಾಟ ಮಾತ್ರ. ಹರಿಯುವ ನೀರಿನಲ್ಲಿ ಅದೊಂದೇ ಕೊರತೆ ಜೀವಕ್ಕೆ ಎರವಾಗಬಹುದು.

ಇಲ್ಲಿ ಫ್ರೀಸ್ಟೈಲ್ ಉಸಿರಾಟದ ಬಗ್ಗೆ ಬರೆಯುತ್ತಿದ್ದೇನೆ. ಸ್ಪರ್ಧೆಯ ನಿಯಮದಲ್ಲಿ ಫ್ರೀಸ್ಟೈಲ್ ಅಂದರೆ ‘ಯಾವ ಶೈಲಿಯಲ್ಲಾದರೂ ಈಜಿ’ ಅಂತಲೇ ಅರ್ಥ. ಎಲ್ಲಕ್ಕಿಂತ ವೇಗದ್ದು ಅಂತ ಎಲ್ಲರೂ ಫ್ರಂಟ್ ಕ್ರಾಲ್ ಆರಿಸಿಕೊಳ್ಳುವುದರಿಂದ ಅದೇ ಹೆಸರು ನಿಂತಿದೆ. ಬೋರಲಾಗಿ ಮಲಗಿ, ಒಂದಾದ ಮೇಲೊಂದು ಕೈಯನ್ನು ನೀರಿನ ಮೇಲಿಂದ ಮುಂದಕ್ಕೆ ಚಾಚುತ್ತಾ ಸಾಗುವ ಈಜು ಅದು.

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ನಾನು. ಆ ನಾಲ್ಕು ವರ್ಷ ನನಗೆ ನಿಜವಾಗಿ ಉಪಯೋಗಕ್ಕೆ ಬಂದ ಒಂದೆರಡು ಜಾಗಗಳಲ್ಲಿ ಈಜುಕೊಳವೂ ಒಂದು. ನಮ್ಮ ದೇಹ ನೀರಿನಲ್ಲಿ ಒಂದು ತಕ್ಕಡಿ ಇದ್ದಂತೆ. ಗಾಳಿ ತುಂಬಿದ ಶ್ವಾಸಕೋಶ ಎದೆಯನ್ನು ಎತ್ತಿ ಹಿಡಿಯುತ್ತದೆ, ಭಾರದ ಕಾಲುಗಳು ಕೆಳಗೆಳೆಯುತ್ತವೆ. ನಾಲ್ಕೈದು ಕಿಲೋ ತೂಗುವ ತಲೆಯನ್ನು ನೀರಿನಿಂದ ಹೊರಗೆತ್ತಿದ ಕ್ಷಣ ಸೊಂಟ, ಕಾಲು ಇನ್ನಷ್ಟು ಇಳಿಯುತ್ತವೆ. ಆಗ ದೇಹ ಮಲಗಿದ ದೋಣಿಯಾಗಿ ಉಳಿಯುವುದಿಲ್ಲ, ಅಡ್ಡ ಹಿಡಿದ ಹಲಗೆಯಾಗುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದನ್ನು ಎದೆ, ಹೊಟ್ಟೆ, ತೊಡೆಯಿಂದ ತಳ್ಳಿಕೊಂಡು ಹೋಗಬೇಕು. ಸುಸ್ತಾಗದೆ ಇನ್ನೇನಾಗುತ್ತದೆ? ಹಾಗಾಗಿ ಮುಖ ನೀರೊಳಗೇ ಇರಬೇಕು, ಕಣ್ಣು ತಳದ ಕಡೆ ನೋಡಬೇಕು.

ಮುಖ ಮುಳುಗಿದರೆ ಉಸಿರು? ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಮುಖ ನೀರಿಗಿಟ್ಟ ಕೂಡಲೇ ಉಸಿರು ಬಿಗಿ ಹಿಡಿಯುತ್ತಾರೆ. ಆಮ್ಲಜನಕ ಮುಗಿದು ಉಸಿರುಗಟ್ಟುತ್ತಿದೆ ಅಂತ ನಮಗನ್ನಿಸುತ್ತದೆ. ಆದರೆ ‘ಉಸಿರಾಡು, ಉಸಿರಾಡು’ ಅಂತ ಮಿದುಳು ಒತ್ತಾಯಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಅಂದರೆ ಸಮಸ್ಯೆ ಇರುವುದು ಹೊರಗೆ ಹೋಗದ ಗಾಳಿಯಲ್ಲಿ. ಬಿಗಿ ಹಿಡಿದವನು ತಲೆ ಎತ್ತಿದಾಗ ಆ ಅರೆಗಳಿಗೆಯಲ್ಲಿ ಹಳೆಯ ಗಾಳಿಯನ್ನೂ ಬಿಡಬೇಕು, ಹೊಸದನ್ನೂ ಎಳೆದುಕೊಳ್ಳಬೇಕು. ಎರಡೂ ಅರ್ಧಂಬರ್ಧ ಆಗುತ್ತವೆ. ಮೂರ್ನಾಲ್ಕು ಸಲ ಹೀಗಾದರೆ ಗಾಬರಿ ಶುರು.

ಅದಕ್ಕೇ ಮುಖ ನೀರಲ್ಲಿರುವಷ್ಟೂ ಹೊತ್ತು ಮೂಗು, ಬಾಯಿಂದ ಗುಳುಗುಳು ಗುಳ್ಳೆ ಬಿಡುತ್ತಲೇ ಇರಬೇಕು. ನಿಧಾನಕ್ಕೆ, ನಿಲ್ಲಿಸದೆ, ಗುನುಗುವ ಹಾಗೆ. ಬಾಯಿ ಹೊರಬರುವ ಹೊತ್ತಿಗೆ ಒಳಗೆಳೆದುಕೊಳ್ಳುವ ಕೆಲಸವಷ್ಟೇ ಬಾಕಿ ಇರಬೇಕು.

ಹೊರಬರುವುದು ಅಂದರೆ ತಲೆ ಎತ್ತುವುದಲ್ಲ. ಬಲಗೈ ನೀರು ತಳ್ಳಿ ತೊಡೆಯ ಹತ್ತಿರ ಬಂದಾಗ ಇಡೀ ಮೈ ಆ ಮಗ್ಗುಲಿಗೆ ತಾನಾಗಿ ಹೊರಳುತ್ತದೆ. ತಲೆ ಅದರ ಜೊತೆ ಹೊರಳಿದರೆ ಸಾಕು. ಒಂದು ಕಣ್ಣು ನೀರೊಳಗೇ ಇರಲಿ, ಕಿವಿ ಚಾಚಿದ ಎಡತೋಳಿಗೆ ಒರಗಿರಲಿ. ಮುಂದೆ ಸಾಗುವ ತಲೆ ನೀರನ್ನು ಸೀಳುವಾಗ ಕೆನ್ನೆಯ ಪಕ್ಕ ಒಂದು ಸಣ್ಣ ತಗ್ಗು ಉಂಟಾಗುತ್ತದೆ. ಬಾಯಿಗೆ ಗಾಳಿ ಸಿಗುವುದು ಅಲ್ಲೇ. ಎರಡು ಕೈಗೊಮ್ಮೆ ಒಂದೇ ಮಗ್ಗುಲಲ್ಲಿ ಉಸಿರು ತಗೊಂಡರೂ ಆಯ್ತು, ಮೂರು ಕೈಗೊಮ್ಮೆ ಎಡಬಲ ಬದಲಿಸಿದರೂ ಆಯ್ತು. ಎಷ್ಟು ಕೈಗೊಮ್ಮೆ ಅಂತ ಜಗಳ ಮಾಡೋರನ್ನ ನಾನು ನಂಬೋದಿಲ್ಲ. ಹೊಸಬರಿಗೆ ಗಾಳಿ ಬೇಕಾದಾಗ ಸಿಗಬೇಕು, ಅಷ್ಟೇ.

ಅಭ್ಯಾಸ ಮಾತ್ರ ಎದೆಮಟ್ಟದ ನಿಂತ ನೀರಲ್ಲೇ ಆಗಬೇಕು, ಜೊತೆಗೆ ಈಜು ಬಲ್ಲವರು ಇರಬೇಕು. ಮೊದಲು ದಂಡೆ ಹಿಡಿದು ಗುಳ್ಳೆ ಬಿಡುವುದು. ಆಮೇಲೆ ದಂಡೆ ಹಿಡಿದೇ ಮೈ ಹೊರಳಿಸಿ ಗಾಳಿ ತೆಗೆದುಕೊಳ್ಳುವುದು. ಅದು ಸಲೀಸಾದ ಮೇಲೆ ಒಂದು ಕೈ ಮುಂದೆ ಚಾಚಿ, ಮಗ್ಗುಲಾಗಿ ಕಾಲು ಬಡಿಯುವುದು. ಎರಡೂ ಕೈ ಬೀಸುವುದು ಕೊನೆಗೆ. ಈ ಕೆಲಸಕ್ಕೆ ವಾರಗಳೇ ಹಿಡಿಯಬಹುದು.

ಇಷ್ಟೆಲ್ಲಾ ಓದಿದ ಮೇಲೆ ಮಾನ್ವಿಯ ಹುಡುಗ ಕೇಳಬೇಕಾದ ಪ್ರಶ್ನೆ ಒಂದಿದೆ: ಅಣ್ಣಾ, ಎದೆಮಟ್ಟದ ನಿಂತ ನೀರು ಎಲ್ಲದ? ಕೃಷ್ಣಾ, ತುಂಗಭದ್ರಾ ನಡುವಿನ ದೋಆಬ್ ನಮ್ಮದು. ಸುತ್ತ ನೀರು ಇದೆ, ಆದರೆ ಕಲಿಯುವಂಥದ್ದಲ್ಲ. ಕೃಷ್ಣೆಯಲ್ಲಿ ಸೆಳೆತದ ಜೊತೆ ಮೊಸಳೆ. ಕಾಲುವೆಗೆ ಸಿಮೆಂಟಿನ ಇಳಿಜಾರು ಗೋಡೆ, ಅದರ ಮೇಲೆ ಪಾಚಿ. ಚೆನ್ನಾಗಿ ಈಜುವವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ರಾಯಚೂರು ನಗರದ ಮಾವಿನಕೆರೆ ಮುಖ ಮುಳುಗಿಸುವ ನೀರಲ್ಲ. ಇನ್ನು ಊರ ಬಾವಿ. ಬೆನ್ನಿಗೆ ಬೆಂಡು ಕಟ್ಟಿ ಈಸು ಕಲಿಸುತ್ತಿದ್ದ ಆ ಬಾವಿಗಳನ್ನು ನೆನೆದು ಭಾವುಕರಾಗುವವರಿದ್ದಾರೆ. ಎಲ್ಲ ಜಾತಿಯ ಮಕ್ಕಳಿಗೂ ಆ ಬಾವಿಗೆ ಇಳಿಯಲು ಬಿಡುತ್ತಿದ್ದರಾ? ಹೆಣ್ಣುಮಕ್ಕಳು ಎಷ್ಟು ಜನ ಕಲಿತರು? ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಅಂಬೇಡ್ಕರ್ ಮಹಾಡ್‌ನಲ್ಲಿ ಸತ್ಯಾಗ್ರಹ ಮಾಡಬೇಕಾಯಿತು ಅನ್ನೋದನ್ನು ಮರೆತು ನೀರಿನ ಮಾತಾಡಲು ಆಗುವುದಿಲ್ಲ.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ನಿಶಾ ಮಿಲ್ಲೆಟ್, 2024ರ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಗೆ ಇಳಿದ 14 ವರ್ಷದ ಧಿನಿಧಿ ದೇಸಿಂಗು, ಇಬ್ಬರೂ ಬೆಂಗಳೂರಿನವರು. ನಿಶಾ ಚಿಕ್ಕವಳಿದ್ದಾಗ ಮುಳುಗಿ ಬದುಕುಳಿದವರು. ಆ ಭಯ ಬಿಡಿಸಲೆಂದೇ ಅಪ್ಪ ಈಜಿಗೆ ಹಾಕಿದರು. ಕೊಳ, ಕೋಚ್ ಇರುವ ಊರಿನಲ್ಲಿ ನೀರಿನ ಭಯಕ್ಕೆ ಇಂಥ ಮದ್ದು ಸಿಗುತ್ತದೆ. 371(ಜೆ) ನಮ್ಮ ಭಾಗಕ್ಕೆ ಸಿಕ್ಕಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಬಜೆಟ್‌ನಲ್ಲಿ ಓದುತ್ತಾರೆ. ಅದರಲ್ಲಿ ಟೈಲ್ಸ್ ಹಾಕಿದ ಒಲಿಂಪಿಕ್ ಕೊಳ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ಬಾಂಗ್ಲಾದೇಶದ ‘ಸ್ವಿಮ್‌ಸೇಫ್’ ಕಾರ್ಯಕ್ರಮದಲ್ಲಿ ಹಳ್ಳಿಯ ಕೊಳಗಳಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ, ಆಳಕ್ಕೆ ಹೋಗದ ಹಾಗೆ ಬೇಲಿ ಹಾಕಿ ಮಕ್ಕಳಿಗೆ ಕಲಿಸುತ್ತಾರೆ. 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು, ದಡದಿಂದಲೇ ಇನ್ನೊಬ್ಬರನ್ನು ಕಾಪಾಡುವುದು ಗೊತ್ತಿರಬೇಕು. ಗುರಿ ಇಷ್ಟೇ. ದೇವದುರ್ಗ, ಮಾನ್ವಿ ತಾಲ್ಲೂಕಿಗೊಂದು ಶುದ್ಧ ನೀರಿನ ಸಣ್ಣ ಕೊಳ, ಇಬ್ಬರು ತರಬೇತುದಾರರು (ಒಬ್ಬರು ಹೆಣ್ಣುಮಗಳು), ಶಾಲೆ ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್. ಗ್ರಾಮಸಭೆಯಲ್ಲಿ ಬರೆಸಲು ಇದು ಸಾಕು.

ಅಲ್ಲಿಯವರೆಗೂ ಹುಡುಗರು ಕಾಲುವೆಗೆ ಇಳಿಯುವುದು ನಿಲ್ಲುವುದಿಲ್ಲ. ಹಾಗಾಗಿ ಎರಡು ಮಾತು. ‘ಯಾರು ಜಾಸ್ತಿ ಹೊತ್ತು ಮುಳುಗಿರ್ತೀರಿ’ ಅನ್ನೋ ಪಂದ್ಯ ಬೇಡ. ಮುಳುಗುವ ಮೊದಲು ಜೋರುಜೋರಾಗಿ ಉಸಿರಾಡಿಕೊಂಡರೆ ಇಂಗಾಲದ ಡೈಆಕ್ಸೈಡ್ ಇಳಿದು, ಮಿದುಳಿನ ಎಚ್ಚರಿಕೆಯೇ ಬರದೆ, ನೀರೊಳಗೆ ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವರೇ ಹೀಗೆ ಹೋಗಿಬಿಡುತ್ತಾರೆ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಜಿಗಿಯಬೇಡಿ. ಹಗ್ಗ, ಸೀರೆ, ಉದ್ದನೆ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಸಿಕ್ಕಿದ್ದನ್ನು ಎಸೆಯಿರಿ. ಮೇಲೆತ್ತಿದ ಮೇಲೆ ಉಸಿರಾಟ ನಿಂತಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಹಿಡಿದು ತಿರುಗಿಸುವುದು ಬೇಡ. ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತಿ, ಜೊತೆಯಲ್ಲಿದ್ದವರು 108ಕ್ಕೆ ಫೋನ್ ಮಾಡಲಿ.