ಹ್ಯಾಮಿಲ್ಟನ್ ಹಿಡಿದ ತಕ್ಕಡಿ

1801ರ ಜನವರಿ 16ರಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ತನ್ನ ಪಕ್ಷದ ಜೇಮ್ಸ್ ಬೇಯರ್ಡ್‌ಗೆ ಒಂದು ಉದ್ದನೆಯ ಪತ್ರ ಬರೆದ. ವಿಷಯ, ಥಾಮಸ್ ಜೆಫರ್ಸನ್. ಅವನ ರಾಜಕೀಯಕ್ಕೆ ಮತಾಂಧತೆಯ ಸೋಂಕಿದೆ, ಗುರಿ ಮುಟ್ಟಲು ಎಂಥ ದಾರಿ ಹಿಡಿಯಲೂ ಅವನಿಗೆ ಅಳುಕಿಲ್ಲ, ಸತ್ಯದ ಬಗ್ಗೆ ಅಷ್ಟೇನೂ ಕಾಳಜಿಯಿಲ್ಲ, ಆತ ಕಪಟಿ: ಇವು ಪತ್ರದಲ್ಲಿ ಬರುವ ಮಾತುಗಳ ಸಾರಾಂಶ. ಇಷ್ಟನ್ನೂ ಒಪ್ಪಿಕೊಂಡ ಮೇಲೆ ಪತ್ರ ಬೇಡಿಕೊಳ್ಳುವುದು ಮಾತ್ರ, ದೇಶದ ಅಧ್ಯಕ್ಷನನ್ನಾಗಿ ಇವನನ್ನೇ ಆರಿಸಿ ಎಂದು.

‘ಇಬ್ಬರೂ ಸರಿಯಿಲ್ಲ, ಯಾರಿಗೆ ಹಾಕೋದು?’ ಎಂಬ ಪ್ರಶ್ನೆಯನ್ನು ನಾವೆಲ್ಲ ಒಂದಲ್ಲ ಒಂದು ಚುನಾವಣೆಯಲ್ಲಿ ಕೇಳಿದ್ದೇವೆ, ಕೇಳಿಕೊಂಡಿದ್ದೇವೆ. ಆ ಪ್ರಶ್ನೆಗೆ ಸಿಕ್ಕಿದ ಹಳೆಯ ಉತ್ತರಗಳಲ್ಲಿ ಹ್ಯಾಮಿಲ್ಟನ್ನನ ಪತ್ರವೂ ಒಂದು. ಅಭ್ಯರ್ಥಿಯ ಯೋಗ್ಯತೆಯನ್ನು ತೂಗುವುದು ಎಂದರೇನು, ಆ ತಕ್ಕಡಿ ಎಲ್ಲಿ ಸರಿಯಾಗಿ ತೂಗುತ್ತದೆ, ಎಲ್ಲಿ ಮೋಸ ಮಾಡುತ್ತದೆ ಎಂದು ನೋಡಲು 1800ರ ಅಮೆರಿಕದ ಚುನಾವಣೆಗಿಂತ ಒಳ್ಳೆಯ ಪ್ರಸಂಗ ನನಗೆ ಸಿಕ್ಕಿಲ್ಲ.

ಆ ಚುನಾವಣೆಯಲ್ಲಿ ಎರಡು ಪಾಳೆಯಗಳಿದ್ದವು. ಅಧಿಕಾರದಲ್ಲಿದ್ದ ಫೆಡರಲಿಸ್ಟರು ಬಲವಾದ ಕೇಂದ್ರ ಸರ್ಕಾರ, ರಾಷ್ಟ್ರೀಯ ಬ್ಯಾಂಕು, ಬ್ರಿಟನ್ ಜೊತೆ ಸ್ನೇಹ ಬೇಕೆಂದವರು. ಅವರ ಅಭ್ಯರ್ಥಿ ಹಾಲಿ ಅಧ್ಯಕ್ಷ ಜಾನ್ ಆಡಮ್ಸ್. ಎದುರಿಗೆ ಉಪಾಧ್ಯಕ್ಷ ಜೆಫರ್ಸನ್ನನ ರಿಪಬ್ಲಿಕನ್ನರು. ಇಂದಿನ ಅದೇ ಹೆಸರಿನ ಪಕ್ಷಕ್ಕೂ ಇವರಿಗೂ ಸಂಬಂಧವಿಲ್ಲ. ಕೇಂದ್ರದ ಅಧಿಕಾರವೆಂದರೆ ಇವರಿಗೆ ಅನುಮಾನ, ಫ್ರಾನ್ಸಿನ ಕ್ರಾಂತಿಯೆಂದರೆ ಅಭಿಮಾನ.

ಅಭ್ಯರ್ಥಿಗಳು ತಾವೇ ಮತ ಕೇಳುವುದು ಆ ಕಾಲದಲ್ಲಿ ಮರ್ಯಾದಸ್ಥರ ಲಕ್ಷಣವಾಗಿರಲಿಲ್ಲ. ಹಾಗಾಗಿ ಜಗಳವೆಲ್ಲ ಪತ್ರಿಕೆಗಳಲ್ಲಿ, ಕರಪತ್ರಗಳಲ್ಲಿ, ಚರ್ಚಿನ ಪ್ರವಚನಗಳಲ್ಲಿ ನಡೆಯಿತು. ಪತ್ರಿಕೆಗಳನ್ನು ಸಾಕುವ ಅಭ್ಯಾಸ ಆಗಲೇ ಹಳೆಯದಾಗಿತ್ತು. ನಮ್ಮ ಹೈದರಾಲಿಯ ಹೆಸರಿಟ್ಟಿದ್ದ ಅಮೆರಿಕದ ಹಡಗೊಂದು 1782ರಲ್ಲಿ ಬ್ರಿಟಿಷರ ಹಡಗನ್ನು ಸೆರೆಹಿಡಿದಾಗ ಫಿಲಿಪ್ ಫ್ರೆನೋ ಎಂಬ ಕವಿ ಅದರ ಮೇಲೆ ಪದ್ಯ ಕಟ್ಟಿದ್ದ. ಅದೇ ಫ್ರೆನೋಗೆ ಜೆಫರ್ಸನ್ 1791ರಲ್ಲಿ ತನ್ನ ಇಲಾಖೆಯಲ್ಲಿ ಅನುವಾದಕನ ಕೆಲಸ ಕೊಟ್ಟ. ಕವಿ ಆ ಸಂಬಳದ ಆಸರೆಯಲ್ಲಿ ಹ್ಯಾಮಿಲ್ಟನ್ನನ್ನು ಬಯ್ಯುವ ಪತ್ರಿಕೆ ನಡೆಸಿದ.

1800ರಲ್ಲಿ ಈ ಬೈಗುಳ ತಾರಕಕ್ಕೇರಿತು. ಜೆಫರ್ಸನ್ ನಾಸ್ತಿಕ, ಅವನು ಗೆದ್ದರೆ ದೇವರಿಗೇ ದೇಶದಲ್ಲಿ ಜಾಗವಿಲ್ಲ ಎಂದು ಒಂದು ಕಡೆಯವರು. ಆಡಮ್ಸ್ ಒಳಗೊಳಗೇ ರಾಜನಾಗಲು ಹೊರಟವನು ಎಂದು ಇನ್ನೊಂದು ಕಡೆಯವರು. ಆದರೆ ಎರಡು ಕಡೆಗೂ ಒಂದೇ ಕಾನೂನು ಇರಲಿಲ್ಲ. 1798ರ ಸೆಡಿಷನ್ ಕಾಯಿದೆಯ ಪ್ರಕಾರ ಅಧ್ಯಕ್ಷನನ್ನೂ ಕಾಂಗ್ರೆಸ್ಸನ್ನೂ ದುರುದ್ದೇಶದಿಂದ ನಿಂದಿಸುವುದು ಅಪರಾಧ. ಉಪಾಧ್ಯಕ್ಷನಿಗೆ ಆ ರಕ್ಷಣೆ ಇರಲಿಲ್ಲ, ಏಕೆಂದರೆ ಆಗ ಉಪಾಧ್ಯಕ್ಷನಾಗಿದ್ದವನು ಜೆಫರ್ಸನ್! ಆಡಮ್ಸ್‌ನನ್ನು ಟೀಕಿಸಿ ಬರೆದ ಜೇಮ್ಸ್ ಕ್ಯಾಲೆಂಡರ್ ಒಂಬತ್ತು ತಿಂಗಳು ಜೈಲಿಗೆ ಹೋದ. ಅದಕ್ಕೂ ಮೊದಲು ವರ್ಮಾಂಟಿನ ಸಂಸದ ಮ್ಯಾಥ್ಯೂ ಲಿಯಾನ್ ಇದೇ ಕಾಯಿದೆಯಡಿ ಜೈಲು ಸೇರಿದ್ದ. ಜನ ಅವನನ್ನು ಜೈಲಿನಲ್ಲಿದ್ದಾಗಲೇ ಮತ್ತೆ ಗೆಲ್ಲಿಸಿದ್ದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆಡಮ್ಸ್‌ಗೆ ಜೋರಾದ ಪೆಟ್ಟು ಬಿದ್ದದ್ದು ಸ್ವಂತ ಪಕ್ಷದಿಂದಲೇ. ಅಕ್ಟೋಬರಿನಲ್ಲಿ ಹ್ಯಾಮಿಲ್ಟನ್ 54 ಪುಟಗಳ ಹೊತ್ತಿಗೆಯೊಂದರಲ್ಲಿ ಆಡಮ್ಸ್‌ನ ಅಹಂಕಾರ, ಸಿಟ್ಟು, ಎಡವಟ್ಟುಗಳನ್ನೆಲ್ಲ ಪಟ್ಟಿ ಮಾಡಿ, ಕೊನೆಗೆ ‘ಆದರೂ ಇವನಿಗೆ ಮತ ತಪ್ಪಿಸಬೇಡಿ’ ಎಂಬರ್ಥದಲ್ಲಿ ಮುಗಿಸಿದ. ಪಕ್ಷದ ಪ್ರಮುಖರಿಗಷ್ಟೇ ಎಂದು ಬರೆದದ್ದು ಎದುರಾಳಿಗಳ ಕೈಗೆ ಸಿಕ್ಕಿ ಬಯಲಾಯಿತು. ಇದನ್ನು ಯೋಗ್ಯತೆಯ ಚರ್ಚೆ ಎನ್ನಲು ನನಗೆ ಮನಸ್ಸು ಬಾರದು. ಮುಯ್ಯಿ ತೀರಿಸಿಕೊಳ್ಳಲು ಕೂತವನಿಗೆ ತೂಕ ನೋಡುವ ವ್ಯವಧಾನ ಇರುವುದಿಲ್ಲ.

ನಿಜವಾದ ಚರ್ಚೆ ಶುರುವಾದದ್ದು ಮತ ಎಣಿಕೆಯ ನಂತರ. ಆಗಿನ ಸಂವಿಧಾನದ ಪ್ರಕಾರ ಪ್ರತಿ ಎಲೆಕ್ಟರ್ ಇಬ್ಬರ ಹೆಸರು ಬರೆಯಬೇಕು. ಯಾರು ಅಧ್ಯಕ್ಷ, ಯಾರು ಉಪಾಧ್ಯಕ್ಷ ಎಂದು ಸೂಚಿಸುವಂತಿಲ್ಲ. ಹೆಚ್ಚು ಮತ ಪಡೆದವನು ಅಧ್ಯಕ್ಷ. ರಿಪಬ್ಲಿಕನ್ನರು ಒಗ್ಗಟ್ಟು ಎಷ್ಟು ಚೆನ್ನಾಗಿ ಕಾಪಾಡಿಕೊಂಡರೆಂದರೆ ಜೆಫರ್ಸನ್‌ಗೆ 73, ಅವರು ಉಪಾಧ್ಯಕ್ಷ ಸ್ಥಾನಕ್ಕೆ ಎಣಿಸಿದ್ದ ನ್ಯೂಯಾರ್ಕಿನ ಏರನ್ ಬರ್‌ಗೂ 73! ಆಡಮ್ಸ್‌ಗೆ 65. ಸಮಬಲವಾದರೆ ತೀರ್ಮಾನ ಪ್ರತಿನಿಧಿ ಸಭೆಯದು, ಅಲ್ಲಿ ರಾಜ್ಯಕ್ಕೊಂದು ಮತ. ಸೋತ ಫೆಡರಲಿಸ್ಟರ ಕೈಯಲ್ಲೇ ಗೆದ್ದವರ ಹಣೆಬರಹ ಉಳಿಯಿತು.

ಬಹುತೇಕ ಫೆಡರಲಿಸ್ಟರು ಬರ್ ಕಡೆ ವಾಲಿದರು. ಅವರ ವಾದ ಪೆದ್ದತನದ್ದೇನಲ್ಲ. ಬರ್‌ಗೆ ಸಿದ್ಧಾಂತದ ಹುಚ್ಚಿಲ್ಲ. ಸ್ವಾರ್ಥಿ ನಿಜ, ಆದರೆ ಸ್ವಾರ್ಥಿಯಾದವನು ಲಾಭ ತರುವ ವ್ಯವಸ್ಥೆಯನ್ನು ಯಾಕೆ ಕೆಡವುತ್ತಾನೆ? ಮೇಲಾಗಿ ನಮ್ಮಿಂದ ಗೆದ್ದರೆ ನಮ್ಮ ಋಣದಲ್ಲಿರುತ್ತಾನೆ. ಹ್ಯಾಮಿಲ್ಟನ್ ಅಭಿಪ್ರಾಯ ಕೇಳಿದಾಗ ವಿದೇಶಾಂಗ ಕಾರ್ಯದರ್ಶಿ ಜಾನ್ ಮಾರ್ಷಲ್, ಜೆಫರ್ಸನ್ ಪರ ನಿಲ್ಲಲು ತನ್ನಿಂದಾಗದು ಎಂದು ತಟಸ್ಥನಾಗಿ ಉಳಿದ.

ಹ್ಯಾಮಿಲ್ಟನ್ ಮಾತ್ರ ಪತ್ರದ ಮೇಲೆ ಪತ್ರ ಬರೆದ. ಅವನ ವಾದದ ತಿರುಳು ಇಷ್ಟು. ಜೆಫರ್ಸನ್‌ಗೆ ತತ್ವಗಳಿವೆ, ಅವು ತಪ್ಪೇ ಇರಬಹುದು. ಆದರೆ ಅವನಿಗೆ ತನ್ನ ಹೆಸರಿನ ಚಿಂತೆಯಿದೆ, ಹಣಕ್ಕೆ ಮಾರಿಕೊಳ್ಳುವವನಲ್ಲ, ಅಧಿಕಾರಕ್ಕೆ ಬಂದ ಮೇಲೆ ಇರುವ ವ್ಯವಸ್ಥೆಯನ್ನು ಕೆಡವುವ ಬದಲು ಅದರೊಂದಿಗೆ ರಾಜಿ ಮಾಡಿಕೊಳ್ಳುತ್ತಾನೆ. ಬರ್‌ಗೆ ತತ್ವವೇ ಇಲ್ಲ ಎಂಬುದನ್ನು ನೀವು ಗುಣ ಎನ್ನುತ್ತೀರಿ, ನಾನು ಅದನ್ನೇ ಅಪಾಯ ಎನ್ನುತ್ತೇನೆ. ಸಾಲದಲ್ಲಿ ಮುಳುಗಿದ, ಮಹತ್ವಾಕಾಂಕ್ಷೆಗೆ ಎಲ್ಲೆಯೇ ಇಲ್ಲದ ಮನುಷ್ಯನನ್ನು ಯಾವ ಋಣ ಕಟ್ಟಿಹಾಕೀತು?

ಇಲ್ಲಿ ಹ್ಯಾಮಿಲ್ಟನ್ ಪ್ರಶ್ನೆಯನ್ನೇ ಬದಲಿಸಿದ್ದಾನೆ. ಯಾರು ನಮಗೆ ಹತ್ತಿರದವರು, ಯಾರಿಂದ ನಮ್ಮ ಕೆಲಸವಾದೀತು ಎಂಬುದಲ್ಲ ಅವನ ಪ್ರಶ್ನೆ. ತಡೆಯುವವರು ಯಾರೂ ಇಲ್ಲದಾಗ ಈ ಮನುಷ್ಯನನ್ನು ಒಳಗಿನಿಂದ ತಡೆಯುವಂಥದ್ದು ಏನಿದೆ ಎಂಬುದು. ವೈರಿಯಲ್ಲೂ ಅಂಥದ್ದೊಂದನ್ನು ಕಂಡು ಹಾಗೆಂದು ಬರೆದದ್ದರಿಂದಲೇ ಆ ಪತ್ರಕ್ಕೆ ಬೆಲೆ.

ಫೆಬ್ರವರಿ 11ರಂದು ವಾಷಿಂಗ್ಟನ್ನಿನ ಅರ್ಧ ಕಟ್ಟಿದ ಸಂಸತ್ ಭವನದಲ್ಲಿ ಮತದಾನ ಶುರುವಾಯಿತು. ಗೆಲುವಿಗೆ 16ರಲ್ಲಿ 9 ರಾಜ್ಯಗಳು ಬೇಕು. ಜೆಫರ್ಸನ್‌ಗೆ 8, ಬರ್‌ಗೆ 6. ಎರಡು ರಾಜ್ಯಗಳು ಒಡೆದಿದ್ದವು. ಮೇರಿಲ್ಯಾಂಡಿನ ಜೋಸೆಫ್ ನಿಕಲ್ಸನ್ ಸುಡುವ ಜ್ವರದಲ್ಲಿದ್ದ. ಅವನೊಬ್ಬ ತಪ್ಪಿದರೂ ಆ ರಾಜ್ಯ ಬರ್ ಪಾಲಾಗುತ್ತಿತ್ತು. ಅವನನ್ನು ಹಿಮದಲ್ಲಿ ಹೊತ್ತು ತಂದು ಭವನದೊಳಗೆ ಹಾಸಿಗೆಯ ಮೇಲೆ ಮಲಗಿಸಿದರು. ಅಲ್ಲಿಂದಲೇ ಮತ ಹಾಕಿದ. 35 ಸುತ್ತು ಕಳೆದರೂ ಲೆಕ್ಕ ಅಲುಗಲಿಲ್ಲ.

17ರಂದು, 36ನೇ ಸುತ್ತಿನಲ್ಲಿ, ಡೆಲವೇರ್ ರಾಜ್ಯದ ಏಕೈಕ ಪ್ರತಿನಿಧಿಯಾಗಿದ್ದ ಬೇಯರ್ಡ್ ಬರ್‌ನನ್ನು ಕೈಬಿಟ್ಟು ಖಾಲಿ ಚೀಟಿ ಹಾಕಿದ. ವರ್ಮಾಂಟಿನ ಫೆಡರಲಿಸ್ಟ್ ಸದಸ್ಯ ಹೊರಗುಳಿದ. ಆ ರಾಜ್ಯದ ಮತ ಮ್ಯಾಥ್ಯೂ ಲಿಯಾನ್‌ನ ಒಬ್ಬನ ಕೈಗೆ ಬಂತು. ಅಧ್ಯಕ್ಷನನ್ನು ಟೀಕಿಸಿ ಜೈಲು ಕಂಡವನೇ ಹೊಸ ಅಧ್ಯಕ್ಷನ ಹೆಸರು ಬರೆದ. ಜೆಫರ್ಸನ್ 10 ರಾಜ್ಯಗಳಿಂದ ಗೆದ್ದ.

ಹ್ಯಾಮಿಲ್ಟನ್ನನ ಪತ್ರವೇ ಬೇಯರ್ಡ್‌ನ ಮನಸ್ಸು ತಿರುಗಿಸಿತೇ? ಹಾಗೆ ಹೇಳಲು ಆಧಾರ ಸಾಲದು. ನೌಕಾಪಡೆ, ಸರ್ಕಾರದ ಸಾಲ, ಅಧಿಕಾರಿಗಳ ನೌಕರಿ ಇವುಗಳ ಬಗ್ಗೆ ಮಧ್ಯವರ್ತಿಯ ಮೂಲಕ ಭರವಸೆ ಸಿಕ್ಕಿತ್ತೆಂದು ಬೇಯರ್ಡ್ ನಂತರ ಹೇಳಿದ. ಜೆಫರ್ಸನ್ ಅದನ್ನು ಅಲ್ಲಗಳೆದ. ಆದರೆ ಪತ್ರದ ಅಂದಾಜು ಹುಸಿಯಾಗಲಿಲ್ಲ. ಜೆಫರ್ಸನ್ ಹ್ಯಾಮಿಲ್ಟನ್ನನ ಬ್ಯಾಂಕನ್ನು ಮುಚ್ಚಲಿಲ್ಲ. ಬರ್ 1804ರಲ್ಲಿ ದ್ವಂದ್ವಯುದ್ಧದಲ್ಲಿ ಹ್ಯಾಮಿಲ್ಟನ್ನನ್ನೇ ಕೊಂದ. 1807ರಲ್ಲಿ ದೇಶದ್ರೋಹದ ಆರೋಪ ಹೊತ್ತು ಕಟಕಟೆಯಲ್ಲಿ ನಿಂತು ಬಿಡುಗಡೆಯಾದ. ಆ ವಿಚಾರಣೆ ನಡೆಸಿದ್ದು, ಅಂದು ತಟಸ್ಥನಾಗಿದ್ದ ಮಾರ್ಷಲ್.

ಕಥೆ ಇಲ್ಲಿಗೇ ಮುಗಿದಿದ್ದರೆ ಹ್ಯಾಮಿಲ್ಟನ್ನನ್ನು ಹೊಗಳಿ ಸುಮ್ಮನಾಗಬಹುದಿತ್ತು. ಆದರೆ ಆ 73 ಮತಗಳು ಎಲ್ಲಿಂದ ಬಂದವು? ಸಂವಿಧಾನ ಗುಲಾಮರಿಗೆ ಮತ ಕೊಟ್ಟಿರಲಿಲ್ಲ. ಆದರೆ ರಾಜ್ಯದ ಬಲ ಲೆಕ್ಕಹಾಕುವಾಗ ಪ್ರತಿ ಐವರು ಗುಲಾಮರನ್ನು ಮೂವರೆಂದು ಎಣಿಸುತ್ತಿತ್ತು. 1790ರ ಗಣತಿಯಂತೆ ವರ್ಜೀನಿಯಾದಲ್ಲೇ ಸುಮಾರು 2.9 ಲಕ್ಷ ಗುಲಾಮರು. ಆ ರಾಜ್ಯಕ್ಕೆ 21 ಎಲೆಕ್ಟರ್‌ಗಳು, ಬೇರೆಲ್ಲ ರಾಜ್ಯಗಳಿಗಿಂತ ಹೆಚ್ಚು. ಈ ಲೆಕ್ಕ ಇರದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದನೆಂದು ಹಲವು ಇತಿಹಾಸಕಾರರು ವಾದಿಸಿದ್ದಾರೆ. ಚುನಾವಣೆಯ ಬಿಸಿಯಲ್ಲೇ, 1800ರ ಆಗಸ್ಟಿನಲ್ಲಿ, ಅದೇ ವರ್ಜೀನಿಯಾದಲ್ಲಿ ಗೇಬ್ರಿಯಲ್ ಎಂಬ ಗುಲಾಮ ಕಮ್ಮಾರ ಬಂಡಾಯಕ್ಕೆ ಸಜ್ಜಾಗಿದ್ದ. ಸಂಚು ಬಯಲಾಗಿ ಅವನೂ ಅವನ ಸಂಗಾತಿಗಳೂ ಗಲ್ಲಿಗೇರಿದರು.

ಜೆಫರ್ಸನ್ ತನ್ನ ಜೀವಿತಾವಧಿಯಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. ಆದರೆ ಅವನ ದೋಷಗಳನ್ನು ಅಷ್ಟು ನಿಷ್ಠುರವಾಗಿ ಎಣಿಸಿದ ಹ್ಯಾಮಿಲ್ಟನ್ನನ ಪತ್ರದಲ್ಲಿ ಈ ಮಾತೇ ಬರುವುದಿಲ್ಲ. ನಾಸ್ತಿಕತೆ ದೊಡ್ಡ ಚರ್ಚೆಯಾದ ಚುನಾವಣೆಯಲ್ಲಿ ಮನುಷ್ಯರ ಮಾರಾಟ ಅಭ್ಯರ್ಥಿಯ ಯೋಗ್ಯತೆಯ ಪ್ರಶ್ನೆಯಾಗಿ ಯಾರನ್ನೂ ಅಷ್ಟಾಗಿ ಕಾಡಲಿಲ್ಲ.

1804ರಲ್ಲಿ ಹನ್ನೆರಡನೇ ತಿದ್ದುಪಡಿ ಬಂದು ಅಧ್ಯಕ್ಷ, ಉಪಾಧ್ಯಕ್ಷರಿಗೆ ಬೇರೆ ಬೇರೆ ಮತ ಹಾಕುವ ಪದ್ಧತಿ ಜಾರಿಯಾಯಿತು. ಸಮಬಲದ ತೊಡಕು ತೀರಿತು. ಐವರನ್ನು ಮೂವರೆಂದು ಎಣಿಸುವ ಲೆಕ್ಕವನ್ನು ಆ ತಿದ್ದುಪಡಿ ಮುಟ್ಟಲಿಲ್ಲ. ಅದು ಹೋಗಲು ಅಂತರ್ಯುದ್ಧವೇ ಆಗಬೇಕಾಯಿತು. ಹ್ಯಾಮಿಲ್ಟನ್ ಕೇಳಿದ ಪ್ರಶ್ನೆಯನ್ನು ನಾವು ಇಂದಿಗೂ ಕೇಳಬೇಕು. ಜೊತೆಗೆ ಅವನು ಕೇಳದೆ ಬಿಟ್ಟದ್ದನ್ನೂ ಕೇಳಿಕೊಳ್ಳಬೇಕು: ನಾವು ಅಭ್ಯರ್ಥಿಗಳನ್ನು ತೂಗುತ್ತಿರುವಾಗ, ಮಾತಾಡಲು ಅವಕಾಶವೇ ಇಲ್ಲದೆ ಬರಿಯ ಲೆಕ್ಕವಾಗಿ ಉಳಿದವರು ಯಾರು?